ಹೋ ಎಂದರೂ ನಿಲ್ಲದ ಎತ್ತು

ಹೋದ ಮಳೆಗಾಲಕ್ಕೆ ಸ್ವಲ್ಪ ಮುಂಚೆ ನಮ್ಮೂರ ಮನೆಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಬಂತು. ಒಳಗಿದ್ದಿದ್ದು ಪೆಟ್ರೋಲಿನ ಸಣ್ಣ ಟಿಲ್ಲರ್. ಬೆಂಗಳೂರಲ್ಲಿ ಕೂತು, ಎರಡು ಮೀಟಿಂಗುಗಳ ಮಧ್ಯೆ ಆರ್ಡರ್ ಮಾಡಿದ್ದು ನಾನೇ. ಸಾಗರದ ಹತ್ತಿರದ ನಮ್ಮ ಹಿತ್ತಲಲ್ಲಿ ಅಪ್ಪ ಗುದ್ದಲಿ ಹಿಡಿದು ತರಕಾರಿ ಸಾಲು ಅಗೆಯೋದನ್ನ ವಿಡಿಯೋ ಕಾಲಿನಲ್ಲಿ ನೋಡಿ ನೋಡಿ ನನ್ನ ಸೊಂಟವೇ ನೋಯೋಕೆ ಶುರುವಾಗಿತ್ತು. ಶುಕ್ರವಾರ ರಾತ್ರಿ ಬಸ್ಸು ಹತ್ತಿದೆ. ಶನಿವಾರ ಬೆಳಿಗ್ಗೆ ದೋಸೆ ತಿಂದು ಅಂಗಳದಲ್ಲಿ ಪೆಟ್ಟಿಗೆ ಬಿಚ್ಚಿದೆವು.

ಅರ್ಧ ಗಂಟೆ ಕೆಲಸ ಅಂದುಕೊಂಡಿದ್ದೆ. ಹ್ಯಾಂಡಲ್ ಕೂರಿಸೋದು, ಬ್ಲೇಡು ಸಿಕ್ಕಿಸೋದು, ಹಿಂದೆ ಆಳ ಹಿಡಿಯುವ ಕಬ್ಬಿಣದ ಕಡ್ಡಿ ಹಾಕೋದು, ಅಷ್ಟೇ ತಾನೆ? ನಾನು ಪುಸ್ತಕದ ಮೊದಲ ಪುಟ ತೆರೆಯುವಷ್ಟರಲ್ಲಿ ಅಪ್ಪ ಪೆಟ್ರೋಲ್ ತುಂಬಿ ಸ್ಟಾರ್ಟರ್ ಹಗ್ಗಕ್ಕೆ ಕೈ ಹಾಕಿಯಾಗಿತ್ತು. ಮೊದಲ ಪುಟದಲ್ಲೇ ದಪ್ಪಕ್ಷರದಲ್ಲಿ ಬರೆದಿತ್ತು: ಇಂಜಿನ್ನಿನಲ್ಲಿ ಆಯಿಲ್ ಇಲ್ಲ, ಹಾಕದೆ ಸ್ಟಾರ್ಟ್ ಮಾಡಬೇಡಿ. ಇಂಥ ಇಂಜಿನ್ನುಗಳನ್ನ ಸಾಮಾನ್ಯವಾಗಿ ಆಯಿಲ್ ಇಲ್ಲದೇ ಸಾಗಿಸ್ತಾರೆ. ಅವತ್ತು ಹಗ್ಗ ಎಳೆದಿದ್ದರೆ ಹೊಸ ಇಂಜಿನ್ ಕೆಲವೇ ನಿಮಿಷದಲ್ಲಿ ಸೀಜ್ ಆಗಿ ಕೂರುತ್ತಿತ್ತು.

ಆಯಿಲ್ ಹಾಕಿ, ಕಡ್ಡಿಯಲ್ಲಿ ಮಟ್ಟ ನೋಡಿ, ಸ್ಟಾರ್ಟ್ ಮಾಡಿದ್ದಾಯ್ತು. ಆದರೆ ಮೆಷಿನ್ನು ಮಣ್ಣಿಗೆ ಇಳಿಯೋದೇ ಇಲ್ಲ! ನೆಲದ ಮೇಲೆ ಥಕಥೈ ಕುಣಿಯುತ್ತೆ. "ಎಂಥದೋ ಇದು, ಉಳೋಕೆ ತರಿಸಿದ್ದಾ, ಯಕ್ಷಗಾನಕ್ಕೆ ತರಿಸಿದ್ದಾ?" ಅಂದ ಅಪ್ಪ. ತಪ್ಪು ನಂದೇ. ಎಡಗಡೆಯ ಬ್ಲೇಡಿನ ಜೋಡಿಯನ್ನ ಬಲಕ್ಕೆ, ಬಲದ್ದನ್ನ ಎಡಕ್ಕೆ ಹಾಕಿಬಿಟ್ಟಿದ್ದೆ. ಹರಿತದ ಅಂಚು ಮುಂದೆ ಬರುವ ಬದಲು ಮೊಂಡು ಬೆನ್ನು ಮಣ್ಣಿಗೆ ಬಡಿಯುತ್ತಿತ್ತು. ಇಂಜಿನ್ ಆಫ್ ಮಾಡಿ, ಸ್ಪಾರ್ಕ್ ಪ್ಲಗ್ಗಿನ ಟೋಪಿ ಕಿತ್ತಿಟ್ಟು, ಬಿಚ್ಚಿ ಮತ್ತೆ ಹಾಕಿದೆ. ಈ ಸಲ ಬೆಣ್ಣೆಗೆ ಚಾಕು ಇಳಿದ ಹಾಗೆ ಇಳಿಯಿತು.

ಆ ಬ್ಲೇಡನ್ನ ಕೈಯಲ್ಲಿ ಹಿಡಿದಾಗ ಗಮನಿಸಿದ್ದು: ಅದು ಇಂಗ್ಲಿಷಿನ ಎಲ್ ಅಕ್ಷರದ ಆಕಾರದಲ್ಲಿತ್ತು. ಯಾಕೆ ಹೀಗೆ ಬಗ್ಗಿಸಿದ್ದಾರೆ? ಅವತ್ತು ರಾತ್ರಿ ಅದನ್ನೇ ಹುಡುಕ್ತಾ ಕೂತೆ. ಆ ಬಾಗಿನ ಹಿಂದೆ ನೂರು ವರ್ಷಕ್ಕೂ ಹಳೆಯ ಕಥೆ ಇದೆ.

1912. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ ಗಿಲ್ಗಾಂಡ್ರಾ ಅನ್ನೋ ಊರು. ಆರ್ಥರ್ ಕ್ಲಿಫರ್ಡ್ ಹೊವರ್ಡ್ ಅನ್ನುವ, ಇಪ್ಪತ್ತರ ಆಸುಪಾಸಿನ ರೈತನ ಮಗ. ನೇಗಿಲು ಮಣ್ಣನ್ನ ಮೇಲೆ ಸಡಿಲ ಮಾಡಿದರೂ ಕೆಳಗೆ ಒತ್ತಿ ಗಟ್ಟಿ ಮಾಡುತ್ತಲ್ಲ, ಎಳೆಯುವ ಬದಲು ತಿರುಗಿಸಿ ಅಗೆದರೆ ಹೇಗೆ ಅನ್ನೋದು ಅವನ ತಲೆಯಲ್ಲಿ. ಅಪ್ಪನ ಉಗಿ ಇಂಜಿನ್ನಿನ ಶಕ್ತಿಯಿಂದ ಅಗೆಯುವ ಅಲಗುಗಳನ್ನ ತಿರುಗಿಸಿ ನೋಡಿದ. ಮಣ್ಣು ಒತ್ತದೆ ಸಡಿಲವಾಯ್ತು ನಿಜ, ಆದರೆ ಪಕ್ಕಕ್ಕೆಲ್ಲ ಎರಚಾಡಿತು. ಆಮೇಲೆ ಹೊಳೆದ ಉಪಾಯವೇ ಎಲ್ ಆಕಾರದ ಬ್ಲೇಡು. ಸಣ್ಣ ದಂಡದ ಮೇಲೆ ದೂರ ದೂರಕ್ಕೆ ಅವನ್ನ ಕೂರಿಸಿದಾಗ ಮಣ್ಣು ಪಕ್ಕಕ್ಕೆ ಹಾರದೆ ಇದ್ದಲ್ಲೇ ಪುಡಿಯಾಯ್ತು.

ಮಧ್ಯೆ ಮೊದಲ ಮಹಾಯುದ್ಧ ಬಂದು ಕೆಲಸ ನಿಂತಿತು. ಯುದ್ಧ ಮುಗಿದ ಮೇಲೆ, 1920ರಲ್ಲಿ, ಪೆಟ್ರೋಲ್ ಇಂಜಿನ್ ಸೇರಿಸಿದ ವಿನ್ಯಾಸಕ್ಕೆ ಪೇಟೆಂಟ್ ತಗೊಂಡ. 1922ರಲ್ಲಿ ಕಂಪನಿ, 1938ರಲ್ಲಿ ಇಂಗ್ಲೆಂಡಿನಲ್ಲೂ ಕಾರ್ಖಾನೆ. ನಮ್ಮ ರೈತರ ಬಾಯಲ್ಲೂ ಇರೋ 'ರೋಟವೇಟರ್' ಅನ್ನೋ ಹೆಸರು ಅವನ ಕಂಪನಿಯದ್ದೇ. ಇಂಗ್ಲಿಷಿನಲ್ಲಿ ಬರೆದು ನೋಡಿ, ಹಿಂದಿನಿಂದ ಓದಿದರೂ ಅದೇ ಪದ.

ಹೊವರ್ಡ್ ಒಬ್ಬನೇ ಅಲ್ಲ. 1910ರ ಆಸುಪಾಸಿನಲ್ಲೇ ಸ್ವಿಟ್ಜರ್ಲೆಂಡಿನ ಕೊನ್ರಾಡ್ ಫಾನ್ ಮೈಯೆನ್‌ಬುರ್ಗ್ ಕೂಡ ತಿರುಗುವ ಅಲಗುಗಳ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದ. ಎರಡನೇ ಮಹಾಯುದ್ಧದ ನಂತರ, ಸಣ್ಣ ಸಣ್ಣ ಗದ್ದೆಗಳ ಜಪಾನಿನಲ್ಲಿ ಕೈಯಲ್ಲಿ ಹಿಡಿದು ನಡೆಸುವ ಟಿಲ್ಲರ್ ಮನೆಮಾತಾಯ್ತು. ಬೈಕಿಗೆ ಹೆಸರಾದ ಹೊಂಡಾ ಕೂಡ 1959ರಲ್ಲಿ ಟಿಲ್ಲರ್ ಮಾರುಕಟ್ಟೆಗೆ ಇಳಿಯಿತು. ನಮ್ಮ ಮಲೆನಾಡಿನ, ಕರಾವಳಿಯ ಗದ್ದೆಗಳೂ ಅಷ್ಟೇ ಅಲ್ಲವೇ, ಟ್ರ್ಯಾಕ್ಟರ್ ತಿರುಗಿಸೋಕೆ ಜಾಗ ಇಲ್ಲದ ಮೆಟ್ಟಿಲು ಮೆಟ್ಟಿಲು. 1967ರಲ್ಲಿ ನಮ್ಮ ಬೆಂಗಳೂರಿನಲ್ಲೇ ವಿಎಸ್‌ಟಿ ಟಿಲ್ಲರ್ಸ್ ಕಂಪನಿ ಜಪಾನಿನ ಮಿತ್ಸುಬಿಷಿಯ ಸಹಯೋಗದಲ್ಲಿ ಶುರುವಾಯ್ತು. ಅದರ ವಿಳಾಸ ಮಹದೇವಪುರ. ಈಗ ನೀವು ಲ್ಯಾಪ್‌ಟಾಪ್ ಬ್ಯಾಗು ತೊಡೆ ಮೇಲಿಟ್ಟುಕೊಂಡು ಟ್ರಾಫಿಕ್ಕಿನಲ್ಲಿ ಕಾಯ್ತೀರಲ್ಲ, ಅದೇ ಮಹದೇವಪುರ.

ಇಷ್ಟು ಓದಿ ಖುಷಿಯಾಗಿ ಮಲಗಿದೆ. ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಅರ್ಧ ಹಿತ್ತಲು ಉತ್ತಾಗಿದೆ. ಹತ್ತಿರ ಹೋದಾಗ ಕಂಡಿದ್ದು: ಹ್ಯಾಂಡಲಿನಲ್ಲಿ ಒತ್ತಿ ಹಿಡಿಯಬೇಕಾದ ಲಿವರನ್ನ ಹಳೆಯ ಸೈಕಲ್ ಟ್ಯೂಬಿನ ಚೂರಿನಿಂದ ಬಿಗಿಯಾಗಿ ಸುತ್ತಿ ಕಟ್ಟಿದ್ದಾನೆ.

"ಕೈ ನೋಯುತ್ತೆ ಮಾರಾಯ. ಎಷ್ಟು ಹೊತ್ತು ಅಂತ ಒತ್ತಿ ಹಿಡ್ಕೊಳ್ಳೋದು?"

ನಂಗೂ ಅದೇನು ದೊಡ್ಡ ತಪ್ಪು ಅನ್ನಿಸಲಿಲ್ಲ. ಜುಗಾಡ್ ಅಂತ ನಕ್ಕು ಫೋಟೋ ಕೂಡ ತೆಗೆದೆ.

ಹತ್ತು ಗಂಟೆ ಹೊತ್ತಿಗೆ ಕೆಳಗಿನ ಮನೆಯ ಮಾವ ಬಂದ. ಮಾವ ಅಂದರೆ ನೆಂಟನಲ್ಲ, ಊರಿಗೆಲ್ಲ ಮಾವ. ಇಪ್ಪತ್ತು ವರ್ಷ ಬಾಡಿಗೆಗೆ ಪವರ್ ಟಿಲ್ಲರ್ ಹೊಡೆದವನು. ಅವನು ಸ್ವಲ್ಪ ಕುಂಟಿ ನಡೆಯೋದನ್ನ ನಾನು ಚಿಕ್ಕಂದಿನಿಂದ ನೋಡಿದ್ದೆ, ಯಾಕೆ ಅಂತ ಯಾವತ್ತೂ ಕೇಳಿರಲಿಲ್ಲ. ಮೆಷಿನ್ನಿನ ಸುತ್ತ ಒಂದು ಸುತ್ತು ಬಂದ. ಇಂಜಿನ್ ಆಫ್ ಮಾಡು ಅಂದ. ಸೊಂಟದ ಕತ್ತಿ ತೆಗೆದು ಆ ಟ್ಯೂಬನ್ನ ಕೊಯ್ದು ಬಿಸಾಕಿದ.

ಆಮೇಲೆ ಜಗಲಿಯಲ್ಲಿ ಕವಳ ಹಾಕುತ್ತಾ ಹೇಳಿದ. ಒಂದು ಮಳೆಗಾಲ, ಗದ್ದೆಯ ಮೂಲೆಯಲ್ಲಿ ರಿವರ್ಸ್ ತಗೋತಿದ್ದ. ಹಿಂದಿನ ಬ್ಲೇಡು ತಿರುಗುತ್ತಲೇ ಇತ್ತು. ಕೆಸರಿನಲ್ಲಿ ಕಾಲು ಜಾರಿತು, ಬೆನ್ನಿಗೆ ಗದ್ದೆಯ ಅಂಚು. ಕೈ ಬಿಟ್ಟ. ಮೆಷಿನ್ನು ಬಿಡಲಿಲ್ಲ. ಹಳೆಯ ಟಿಲ್ಲರಿನಲ್ಲಿ ಕ್ಲಚ್ಚಿನ ಲಿವರ್ ಇಟ್ಟ ಜಾಗದಲ್ಲೇ ಇರುತ್ತೆ, ಮನುಷ್ಯ ಬಿದ್ದನೋ ಇದ್ದಾನೋ ಅದಕ್ಕೆ ಗೊತ್ತಾಗೋದಿಲ್ಲ. ಬಲಗಾಲಿನ ಮೂರು ಬೆರಳು ಅಲ್ಲೇ ಹೋದವು.

"ಎತ್ತು ಹೂಡಿದಾಗ ಬಿದ್ದರೆ 'ಹೋ' ಅಂದ್ರೆ ಸಾಕು, ನಿಲ್ತಿದ್ವು. ಎಷ್ಟೋ ಸಲ ಅನ್ನೋದೂ ಬೇಡ, ಮೇಳಿ ಮೇಲಿನ ಕೈ ಸಡಿಲಾದದ್ದು ಅವಕ್ಕೇ ತಿಳೀತಿತ್ತು. ಇದಕ್ಕೆ ಕಿವಿ ಇಲ್ಲ. ಈ ಲಿವರ್ರೇ ಇದರ ಕಿವಿ. ನೀವು ಅದನ್ನೂ ಕಟ್ಟಿದ್ರಲ್ಲ."

ಅಪ್ಪ ಮಾತಾಡಲಿಲ್ಲ. ನಾನು ಮೊಬೈಲಿನಿಂದ ಆ ಫೋಟೋ ಅಳಿಸಿದೆ.

ವಾಪಸ್ ಬರುವ ಬಸ್ಸಿನಲ್ಲಿ ನಾನು ಯೋಚಿಸಿದ್ದು ಇದನ್ನೇ. ಮೊದಲ ರಾತ್ರಿ ನಾನು ಓದಿದ್ದು ಬ್ಲೇಡು ತಿರುಗುವಂತೆ ಮಾಡಿದವರ ಚರಿತ್ರೆ. ಅದನ್ನ ನಿಲ್ಲುವಂತೆ ಮಾಡಿದವರ ಚರಿತ್ರೆ ಬೇರೆಯೇ ಇದೆ, ಅದರಲ್ಲಿ ಹೆಸರುಗಳು ಕಡಿಮೆ, ಗಾಯಗಳು ಜಾಸ್ತಿ. ಕೈ ಬಿಟ್ಟ ಕೂಡಲೇ ನಿಲ್ಲುವ ಹಿಡಿಕೆ ಇಪ್ಪತ್ತನೇ ಶತಮಾನದ ಆರಂಭದಲ್ಲೇ ವಿದ್ಯುತ್ ರೈಲುಗಳಿಗೆ ಬಂದಿತ್ತು. ಚಾಲಕನೊಬ್ಬನೇ ಇದ್ದಾಗ ಅವನು ಕುಸಿದು ಬಿದ್ದರೆ ರೈಲು ತಾನಾಗಿ ನಿಲ್ಲಲಿ ಅಂತ. ಅದಕ್ಕೆ 'ಡೆಡ್ ಮ್ಯಾನ್ಸ್ ಹ್ಯಾಂಡಲ್' ಅಂತಲೇ ಹೆಸರು, ಸತ್ತವನ ಹಿಡಿಕೆ. ಅದು ಹಿತ್ತಲಿನ ಯಂತ್ರಗಳವರೆಗೆ ಬರೋಕೆ ಬಹಳ ಕಾಲ ಬೇಕಾಯ್ತು. ಅಮೆರಿಕದಲ್ಲಿ ನಡೆದು ಓಡಿಸುವ ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು, ಹಿಡಿಕೆ ಬಿಟ್ಟ 3 ಸೆಕೆಂಡಿನೊಳಗೆ ನಿಲ್ಲಲೇಬೇಕು ಅನ್ನುವ ನಿಯಮ ಜಾರಿಗೆ ಬಂದಿದ್ದು 1982ರಲ್ಲಿ. ನಮ್ಮಲ್ಲಿ 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆ ಬಂತು. ಅದರ ವ್ಯಾಖ್ಯೆಯಲ್ಲಿ ಹೆಸರು ಹಿಡಿದು ಹೇಳಿದ್ದು ಕಾಳು ಒಕ್ಕುವ ತ್ರೆಷರನ್ನ. ಉಳಿದ ಕೃಷಿ ಯಂತ್ರಗಳನ್ನ ಬೇಕಾದಾಗ ಸೇರಿಸಿಕೊಳ್ಳೋಕೆ ಜಾಗ ಬಿಟ್ಟಿತ್ತು.

ಲೆಕ್ಕ ಹಾಕಿ ನೋಡಿ. ಬ್ಲೇಡಿನ ದಂಡ ನಿಮಿಷಕ್ಕೆ 200 ಸುತ್ತು ತಿರುಗುತ್ತೆ ಅಂದುಕೊಳ್ಳಿ. ಸೆಕೆಂಡಿಗೆ ಮೂರು ಸುತ್ತಿಗಿಂತ ಹೆಚ್ಚು. ಒಂದೊಂದು ಸಾಲಿನಲ್ಲಿ ನಾಲ್ಕು ಬ್ಲೇಡಿದ್ದರೆ, ನೀವು "ಅಯ್ಯೋ" ಅನ್ನುವ ಒಂದು ಸೆಕೆಂಡಿನಲ್ಲಿ ಅಲ್ಲಿ ಹದಿಮೂರು ಏಟು ಬಿದ್ದಿರುತ್ತೆ. ಬುದ್ಧಿವಂತಿಕೆಗೆ ಅಲ್ಲಿ ಸಮಯವೇ ಇಲ್ಲ. ಇರೋದು ಆ ಲಿವರ್ ಒಂದೇ.

ಈಗ ನಮ್ಮನೆಯಲ್ಲಿ ಕೆಲವು ಪದ್ಧತಿಗಳಾಗಿವೆ. ಉಳುವ ಮುಂಚೆ ಹಿತ್ತಲೆಲ್ಲ ಓಡಾಡಿ ಕಲ್ಲು, ತಂತಿ, ಡ್ರಿಪ್ ಪೈಪು ಆರಿಸಿ ತೆಗೆಯೋದು. ಹವಾಯಿ ಚಪ್ಪಲಿ ಬಂದ್, ಗಟ್ಟಿ ಬೂಟೇ ಆಗಬೇಕು, ಪಂಚೆಯೂ ಬೇಡ. ಇಂಜಿನ್ ಬಿಸಿ ಇದ್ದಾಗ ಪೆಟ್ರೋಲ್ ಹಾಕೋದಿಲ್ಲ. ಕೊಟ್ಟಿಗೆಯೊಳಗೆ ಸ್ಟಾರ್ಟ್ ಮಾಡೋದಿಲ್ಲ, ಹೊಗೆಯಲ್ಲಿರೋ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಟ್ಟಿ ನೆಲವನ್ನ ಒಂದೇ ಸಲಕ್ಕೆ ಪೂರ್ತಿ ಆಳ ಅಗೆಯೋಕೆ ಹೋಗೋದಿಲ್ಲ, ಮೊದಲು ಮೇಲೆ ಮೇಲೆ, ಆಮೇಲೆ ಇನ್ನಷ್ಟು. ಹಿಂದೆ ಸರಿಯುವಾಗ ಬ್ಲೇಡು ನಿಂತಿರಲೇಬೇಕು, ಬೆನ್ನ ಹಿಂದೆ ಮರವೋ ಗೋಡೆಯೋ ಇದೆಯಾ ಅಂತ ತಿರುಗಿ ನೋಡಬೇಕು. ಬ್ಲೇಡಿಗೆ ಬಳ್ಳಿ ಸುತ್ತಿಕೊಂಡರೆ ಇಂಜಿನ್ ಆಫ್ ಮಾಡಿ, ಪ್ಲಗ್ಗಿನ ಟೋಪಿ ಕಿತ್ತ ಮೇಲೆಯೇ ಕೈ ಹಾಕೋದು. ಕೆಲಸ ಮುಗಿದ ಮೇಲೆ ಮಣ್ಣು ತೊಳೆದು, ಬೋಲ್ಟು ಬಿಗಿ ಇದೆಯಾ ಅಂತ ನೋಡಿ, ಏರ್ ಫಿಲ್ಟರ್ ಒರೆಸಿ ಇಡೋದು. ಮಳೆಗಾಲ ಪೂರ್ತಿ ನಿಲ್ಲಿಸೋದಾದರೆ ಪೆಟ್ರೋಲ್ ಖಾಲಿ ಮಾಡಿಡೋದು, ಇಲ್ಲಾಂದ್ರೆ ಕಾರ್ಬುರೇಟರ್ ಕಟ್ಟಿಕೊಳ್ಳುತ್ತೆ.

ಕೈ ನೋವಿನ ಸಮಸ್ಯೆ ಹಾಗೇ ಇದೆ. ಅದಕ್ಕೆ ಅಪ್ಪ ಕಂಡುಕೊಂಡ ಪರಿಹಾರ: ಎರಡು ಸಾಲಾದ ಮೇಲೆ ಇಂಜಿನ್ ನಿಲ್ಲಿಸಿ ಜಗಲಿಗೆ ಬಂದು ಕೂರೋದು. ಒಂದು ಲೋಟ ಮಜ್ಜಿಗೆ, ಒಂದು ಕವಳ. ಎತ್ತು ಹೂಡುವ ಕಾಲದಲ್ಲೂ ಹೀಗೇ ನಿಲ್ಲಿಸ್ತಿದ್ದರಂತೆ, ಎತ್ತಿಗೆ ದಣಿವಾಗುತ್ತೆ ಅಂತ. ಈಗ ದಣಿವಾಗೋದು ಮನುಷ್ಯನಿಗೆ ಮಾತ್ರ.

ಮೊನ್ನೆ ಫೋನ್ ಮಾಡಿದಾಗ ಅಪ್ಪನನ್ನ ಕೇಳಿದೆ, ಟಿಲ್ಲರ್ ಹೇಗಿದೆ ಅಂತ.

"ಚೆನ್ನಾಗಿದೆ. ಕೈ ಬಿಟ್ಟರೆ ನಿಲ್ಲುತ್ತೆ" ಅಂದ.