ಪೆಂಡಿಂಗ್ ಅನ್ನೋ ಮೂರನೇ ಉತ್ತರ

ದುಡ್ಡು ಕಳಿಸೋ ಆ್ಯಪ್ ನಮಗೆ ಮೂರು ಥರದ ಉತ್ತರ ಕೊಡುತ್ತೆ. ಹಸಿರು ಟಿಕ್ ಬಂದರೆ ದುಡ್ಡು ಹೋಯ್ತು. ಕೆಂಪು ಗುರುತು ಬಂದರೆ ಹೋಗಲಿಲ್ಲ. ಈ ಎರಡರ ಬಗ್ಗೆ ಯಾರಿಗೂ ತಕರಾರಿಲ್ಲ. ಮೂರನೆಯದು ‘ಪೆಂಡಿಂಗ್’. ದರ್ಶಿನಿಯ ಕೌಂಟರಿನಲ್ಲಿ ನಿಮ್ಮ ಹಿಂದೆ ಆರು ಜನ ನಿಂತಿದ್ದಾರೆ. ಖಾತೆಯಿಂದ ನಲವತ್ತು ರೂಪಾಯಿ ಕಟ್ ಆದ ಮೆಸೇಜ್ ಬಂದಿದೆ. ಕ್ಯಾಷಿಯರ್ ಮಾತ್ರ ‘ಬಂದಿಲ್ಲ ಸಾರ್’ ಅಂತಿದ್ದಾರೆ. ಇಬ್ಬರೂ ಸುಳ್ಳು ಹೇಳ್ತಿಲ್ಲ. ಹಾಗಾದ್ರೆ ಆ ನಲವತ್ತು ರೂಪಾಯಿ ಈಗ ಎಲ್ಲಿದೆ?

ಪೇಮೆಂಟ್ ಕಂಪನಿಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎಷ್ಟು ಹೂಡಿಕೆ ಬಂತು, ಕಂಪನಿಯ ಬೆಲೆ ಎಷ್ಟಕ್ಕೇರಿತು ಅಂತ ಬರೀತಾರೆ. ಇದೇ ಸಾಲಿನ ಕೆಲಸ ಮಾಡುವ ನಮ್ಮಂಥವರಿಗೆ ಬೆಳವಣಿಗೆ ಅಂದರೆ ಅರ್ಥ ಬೇರೆ. ‘ನನ್ನ ದುಡ್ಡು ಎಲ್ಲಿದೆ?’ ಅಂತ ಕೇಳುವವರು ದಿನದಿಂದ ದಿನಕ್ಕೆ ಜಾಸ್ತಿಯಾಗ್ತಾ ಹೋಗೋದೇ ಬೆಳವಣಿಗೆ. ಈ ಪ್ರಶ್ನೆ ಹೊಸದಲ್ಲ. ಇದಕ್ಕೆ ಉತ್ತರ ಕೊಡಬೇಕಾದವರು ಮಾತ್ರ ಕಾಲದಿಂದ ಕಾಲಕ್ಕೆ ಬದಲಾಗಿದ್ದಾರೆ.

ನಮ್ಮ ನಾಡಿನಲ್ಲೇ ಒಂದು ಹಳೇ ಉದಾಹರಣೆ ಇದೆ. 1925ರಲ್ಲಿ ಉಡುಪಿಯಲ್ಲಿ ಟಿ.ಎಂ.ಎ. ಪೈ ಮತ್ತು ಅವರ ಜೊತೆಗಾರರು ಕಟ್ಟಿದ ಬ್ಯಾಂಕು ಮುಂದೆ ಸಿಂಡಿಕೇಟ್ ಬ್ಯಾಂಕ್ ಆಯಿತು. ಆ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರು ಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಏಜೆಂಟ್ ಬಾಗಿಲಿಗೇ ಬಂದು ತೆಗೆದುಕೊಂಡು ಹೋಗ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತದ ನೇಕಾರರು, ಸಣ್ಣ ಅಂಗಡಿಯವರು ಉಳಿತಾಯಕ್ಕೆ ಸೇರಿದ್ದು ಹಾಗೆ. ಇವತ್ತು ಅಂಗಡಿ ಅಂಗಡಿ ಸುತ್ತಿ ಕ್ಯೂಆರ್ ಸ್ಟಿಕ್ಕರ್ ಅಂಟಿಸುವ ಹುಡುಗರಿಗೆ ಈ ಪಿಗ್ಮಿ ಏಜೆಂಟ್ ಒಂಥರಾ ಮುತ್ತಾತ. ಒಂದೇ ವ್ಯತ್ಯಾಸ ಅಂದ್ರೆ, ದುಡ್ಡು ಎಲ್ಲಿದೆ ಅಂತ ಕೇಳಬೇಕು ಅನ್ನಿಸಿದರೆ ಆಗ ಎದುರಿಗೆ ಒಂದು ಮುಖ ಇರುತ್ತಿತ್ತು. ನಾಳೆಯೂ ಅದೇ ಮುಖ ಅದೇ ಬಾಗಿಲಿಗೆ ಬರಬೇಕಿತ್ತು.

ಬ್ಯಾಂಕಿನ ಒಳಗಿನ ಪದ್ಧತಿಯೇ ಬೇರೆ. ಅಲ್ಲಿ ಕಾಯೋದು ಗಿರಾಕಿಯ ಕೆಲಸ. ಚೆಕ್ ಹಾಕಿದರೆ ಅದು ಕ್ಲಿಯರಿಂಗ್ ಮನೆಗೆ ಹೋಗಿ, ಇನ್ನೊಂದು ಬ್ಯಾಂಕು ಒಪ್ಪಿ, ಖಾತೆಗೆ ಬೀಳುವಷ್ಟರಲ್ಲಿ ದಿನಗಳೇ ಕಳೆಯುತ್ತಿದ್ದವು. ನಮ್ಮೂರಿನವರಿಗೆ ಬ್ಯಾಂಕ್ ಅಂದರೆ ‘ನಾಳೆ ಬನ್ನಿ’ ಅನ್ನೋ ಜಾಗ. ಆದರೆ ಆ ‘ನಾಳೆ’ಯ ಹಿಂದೆ ಒಂದು ಶಿಸ್ತಿತ್ತು. ಸಂಜೆ ಬಾಗಿಲು ಹಾಕಿದ ಮೇಲೆ ಗುಮಾಸ್ತರು ಲೆಕ್ಕ ಟ್ಯಾಲಿ ಆಗುವ ತನಕ ಎದ್ದು ಹೋಗುವಂತಿರಲಿಲ್ಲ. ಹತ್ತು ರೂಪಾಯಿ ವ್ಯತ್ಯಾಸ ಬಂದರೂ ಇಡೀ ದಿನದ ಚೀಟಿಗಳನ್ನು ಮತ್ತೆ ತಿರುವಿ ಹಾಕಬೇಕು. ನಿಧಾನ ಅನ್ನೋದು ತಪ್ಪು ಹುಡುಕೋಕೆ ಸಮಯ ಕೊಡ್ತಿತ್ತು. 2005ರಲ್ಲಿ ಬಂದ ನೆಫ್ಟ್ ಕೂಡ ಕಂತುಕಂತಾಗಿಯೇ ದುಡ್ಡು ಸಾಗಿಸಿತು. ಭಾನುವಾರ ನೆಫ್ಟ್ ಹೋಗುತ್ತಿರಲಿಲ್ಲ ಅನ್ನೋದು ಎಷ್ಟೋ ಜನರಿಗೆ ಮರೆತೇ ಹೋಗಿದೆ. ಅದು ದಿನದ 24 ಗಂಟೆ, ವಾರದ ಏಳೂ ದಿನ ನಡೆಯೋಕೆ ಶುರುವಾಗಿದ್ದು 2019ರ ಡಿಸೆಂಬರ್ 16ರಿಂದ.

ಅಷ್ಟರಲ್ಲಿ ಕಾಯುವ ಅಭ್ಯಾಸವನ್ನೇ ತೆಗೆದುಹಾಕುವ ಇನ್ನೊಂದು ದಾರಿ ಸಿದ್ಧವಾಗಿತ್ತು. 2008ರಲ್ಲಿ ಹುಟ್ಟಿದ ಎನ್‌ಪಿಸಿಐ, 2010ರಲ್ಲಿ ಐಎಂಪಿಎಸ್ ತಂದಿತು. ಅದರ ಮೇಲೆ ಕಟ್ಟಿದ ಯುಪಿಐಯನ್ನು 2016ರ ಏಪ್ರಿಲ್ 11ರಂದು ಆಗಿನ ರಿಸರ್ವ್ ಬ್ಯಾಂಕ್ ಗವರ್ನರ್ ರಘುರಾಂ ರಾಜನ್ ಉದ್ಘಾಟಿಸಿದರು. ಈಗ ಆ ನಲವತ್ತು ರೂಪಾಯಿಯ ಕಥೆಗೆ ಬರೋಣ. ನೀವು ಪಿನ್ ಒತ್ತಿದ ತಕ್ಷಣ ಆ್ಯಪಿನ ಹಿಂದಿರುವ ಪಾಲುದಾರ ಬ್ಯಾಂಕಿಗೆ ಸಂದೇಶ ಹೋಗುತ್ತೆ. ಅಲ್ಲಿಂದ ಎನ್‌ಪಿಸಿಐಗೆ, ಅಲ್ಲಿಂದ ನಿಮ್ಮ ಖಾತೆ ಇರುವ ಬ್ಯಾಂಕಿಗೆ ‘ಕಡಿತ ಮಾಡು’ ಅಂತ, ಆಮೇಲೆ ಹೋಟೆಲಿನವರ ಬ್ಯಾಂಕಿಗೆ ‘ಜಮಾ ಮಾಡು’ ಅಂತ. ಅಲ್ಲಿಂದ ಉತ್ತರ ಅದೇ ದಾರಿಯಲ್ಲಿ ವಾಪಸ್ ಬರಬೇಕು. ಇಷ್ಟೂ ಆಗೋದು ಎರಡು ಮೂರು ಸೆಕೆಂಡಿನಲ್ಲಿ. ಇದರಲ್ಲಿ ಯಾವುದೋ ಒಂದು ಮನೆ ಉತ್ತರ ಕೊಡೋದು ತಡ ಮಾಡಿದರೆ ಆ್ಯಪಿಗೆ ‘ಹೌದು’ ಅನ್ನೋಕೂ ಆಗಲ್ಲ, ‘ಇಲ್ಲ’ ಅನ್ನೋಕೂ ಆಗಲ್ಲ. ಪೆಂಡಿಂಗ್ ಅಂದರೆ ಇಷ್ಟೇ. ದುಡ್ಡು ಕಳೆದುಹೋಗಿಲ್ಲ, ಉತ್ತರ ಬಂದಿಲ್ಲ. ಬ್ಯಾಂಕುಗಳ ನಡುವಿನ ನಿಜವಾದ ಚುಕ್ತಾ ಹೇಗೂ ಆಮೇಲೆ, ಕಂತುಗಳಲ್ಲೇ ಆಗೋದು.

ಬೆಂಗಳೂರಿನ ಕಂಪನಿಗಳಿಗೆ ಈ ಹೊಸ ದಾರಿ ಸಿಕ್ಕ ಸಮಯ ನೋಡಿ. ಫ್ಲಿಪ್‌ಕಾರ್ಟಿನಲ್ಲಿ ಕೆಲಸ ಮಾಡಿ ಹೊರಬಂದ ಸಮೀರ್ ನಿಗಮ್, ರಾಹುಲ್ ಚಾರಿ, ಬುರ್ಜಿನ್ ಎಂಜಿನಿಯರ್ 2015ರ ಡಿಸೆಂಬರಿನಲ್ಲಿ ಫೋನ್‌ಪೇ ಶುರು ಮಾಡಿದರು. ಮರುವರ್ಷವೇ ಫ್ಲಿಪ್‌ಕಾರ್ಟ್ ಅದನ್ನು ಕೊಂಡುಕೊಂಡಿತು. ಯೆಸ್ ಬ್ಯಾಂಕ್ ಜೊತೆ ಸೇರಿ 2016ರ ಆಗಸ್ಟಿನಲ್ಲಿ ಯುಪಿಐ ಆ್ಯಪ್ ಬಿಟ್ಟರು. ಎರಡೂವರೆ ತಿಂಗಳಿಗೆ, ನವೆಂಬರ್ 8ರ ರಾತ್ರಿ, 500 ಮತ್ತು 1000 ರೂಪಾಯಿ ನೋಟುಗಳು ರದ್ದಾದವು. ಆ ನವೆಂಬರಿನಲ್ಲಿ ದೇಶದಲ್ಲಿ ನಡೆದ ಯುಪಿಐ ವಹಿವಾಟು ಸುಮಾರು 2.9 ಲಕ್ಷ. ಡಿಸೆಂಬರಿನಲ್ಲಿ ಸುಮಾರು 20 ಲಕ್ಷ. ಒಂದೇ ತಿಂಗಳಲ್ಲಿ ಏಳು ಪಟ್ಟು. 2019ರ ಅಕ್ಟೋಬರಿನಲ್ಲಿ ತಿಂಗಳಿಗೆ 100 ಕೋಟಿ, 2023ರ ಆಗಸ್ಟಿನಲ್ಲಿ 1000 ಕೋಟಿ, 2025ರ ಆಗಸ್ಟಿನಲ್ಲಿ 2000 ಕೋಟಿ ದಾಟಿತು. ಕೊನೆಯ ಲೆಕ್ಕ ಸರಾಸರಿ ಸೆಕೆಂಡಿಗೆ ಏಳು ಸಾವಿರಕ್ಕೂ ಮೇಲೆ.

ಈ ಅಂಕಿಗಳನ್ನು ಕೆಲಸದ ಕಡೆಯಿಂದ ನೋಡಬೇಕು. ಓದುವಾಗ ನೂರಕ್ಕೆ 99.9 ತೆಗೆದರೆ ಕಾಲೇಜಿನವರು ಗೇಟಿನ ಮೇಲೆ ಫ್ಲೆಕ್ಸ್ ಹಾಕಿಸ್ತಾರೆ. ಪೇಮೆಂಟಿನಲ್ಲಿ 99.9 ಅಂದರೆ ಸಾವಿರಕ್ಕೆ ಒಂದು ಸಿಕ್ಕಿಹಾಕಿಕೊಂಡಿದೆ ಅಂತ ಅರ್ಥ. ಡಿಸೆಂಬರ್ 2016ರ ಲೆಕ್ಕದಲ್ಲಿ ಅದು ಇಡೀ ತಿಂಗಳಿಗೆ ಎರಡು ಸಾವಿರ. ನಾಲ್ಕು ಜನ ಕೂತು ಎಕ್ಸೆಲ್ ಹಾಳೆಯಲ್ಲೇ ಬಿಡಿಸಬಹುದು. ಆಗಸ್ಟ್ 2025ರ ಲೆಕ್ಕದಲ್ಲಿ ದಿನಕ್ಕೆ ಆರು ಲಕ್ಷಕ್ಕೂ ಹೆಚ್ಚು. ಗುಣಮಟ್ಟ ಒಂಚೂರೂ ಇಳಿದಿಲ್ಲ, ಆದರೂ ಆರು ಲಕ್ಷ ಜನ ಕೌಂಟರಿನ ಮುಂದೆ ನಿಂತಿದ್ದಾರೆ. ವೇಗವಾಗಿ ಬೆಳೆಯುವ ಪೇಮೆಂಟ್ ಕಂಪನಿಯಲ್ಲಿ ಹೋದ ವರ್ಷದ ಒಳ್ಳೆಯ ಕೆಲಸ ಈ ವರ್ಷಕ್ಕೆ ಸಾಲದು. ಇದ್ದಲ್ಲೇ ಇರೋಕೂ ಓಡ್ತಾನೇ ಇರಬೇಕು.

ಆ ಓಟದ ಹೆಸರು ಆನ್-ಕಾಲ್. ಸರದಿ ಬಂದ ವಾರ ಲ್ಯಾಪ್‌ಟಾಪು ಮದುವೆಗೂ ಬರುತ್ತೆ, ಊರಿನ ಜಾತ್ರೆಗೂ ಬರುತ್ತೆ. ರಾತ್ರಿ ಎರಡಕ್ಕೆ ಫೋನ್ ಕಿರುಚಿದರೆ ಎದ್ದು ನೋಡಬೇಕು: ತೊಂದರೆ ನಮ್ಮದಾ, ಬ್ಯಾಂಕಿನದಾ, ನಡುವಿನ ದಾರಿಯದಾ? ಸಂಬಳ ಬೀಳುವ ವಾರ, ಹಬ್ಬದ ಹಿಂದಿನ ದಿನ, ಆನ್‌ಲೈನ್ ಅಂಗಡಿಗಳ ಸೇಲ್, ಇವೆಲ್ಲ ಊರಿಗೆ ಸಂಭ್ರಮ, ನಮ್ಮ ತಂಡಕ್ಕೆ ಬಂದೋಬಸ್ತ್. ಸಿಕ್ಕಿಕೊಂಡ ವಹಿವಾಟನ್ನು ಮತ್ತೆ ಕಳಿಸಿಬಿಡಿ ಅಂತ ಹೊರಗಿನವರಿಗೆ ಅನ್ನಿಸುತ್ತೆ. ಅದೇ ಅಪಾಯ. ಮೊದಲನೆಯದೂ ತಡವಾಗಿ ಹೋಗಿ ಮುಟ್ಟಿದರೆ ದುಡ್ಡು ಎರಡು ಸಲ ಕಟ್ ಆಗುತ್ತೆ. ಹಾಗಾಗಿ ಪ್ರತಿ ವಹಿವಾಟಿಗೂ 12 ಅಂಕಿಯ ಒಂದು ನಂಬರ್ ಇರುತ್ತೆ. ಅಂಗಡಿಯ ಸಾಲದ ಪುಸ್ತಕದಲ್ಲಿ ಬರೆಯೋ ಮುಂಚೆ ಶೆಟ್ಟರು ‘ಇದನ್ನ ಆಗ್ಲೇ ಬರ್ಕೊಂಡಿದೀನಾ’ ಅಂತ ಒಂದು ಸಲ ಮೇಲಿಂದ ಕೆಳಗೆ ಬೆರಳಾಡಿಸ್ತಾರಲ್ಲ, ನಮ್ಮ ಕೋಡಿನ ಅರ್ಧ ಭಾಗ ಮಾಡೋದು ಅದೇ ಕೆಲಸ. ಮರುದಿನ ಬ್ಯಾಂಕಿನ ಫೈಲು, ಎನ್‌ಪಿಸಿಐ ಫೈಲು, ನಮ್ಮ ಫೈಲು ಮೂರನ್ನೂ ಎದುರುಬದುರು ಇಟ್ಟು ಹೊಂದಿಸೋದು ಇನ್ನೊಂದು ಕೆಲಸ. ಅದಕ್ಕೆ ‘ರೆಕಾನ್’ ಅಂತೀವಿ. ಹಳೇ ಗುಮಾಸ್ತರ ಟ್ಯಾಲಿಯೇ ಅದು.

ಈ ಕಾಯುವಿಕೆಗೆ ಬೆಲೆ ಕಟ್ಟಿದ್ದು ರಿಸರ್ವ್ ಬ್ಯಾಂಕ್. 2019ರ ಸೆಪ್ಟೆಂಬರಿನಲ್ಲಿ ಬಂದ ಅದರ ಸುತ್ತೋಲೆಯ ಪ್ರಕಾರ ಒಬ್ಬರಿಂದ ಒಬ್ಬರಿಗೆ ಕಳಿಸಿದ ಯುಪಿಐ ದುಡ್ಡು ಮುಟ್ಟದಿದ್ದರೆ ಮರುದಿನದೊಳಗೆ ವಾಪಸ್ ಬರಬೇಕು. ಅಂಗಡಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ಮೀರಿದರೆ ದಿನಕ್ಕೆ 100 ರೂಪಾಯಿ ಪರಿಹಾರ, ಅದೂ ಗಿರಾಕಿ ದೂರು ಕೊಡಲಿ ಬಿಡಲಿ. ಮೂರು ತಿಂಗಳಿಗೆ, 2020ರ ಜನವರಿ 1ರಿಂದ, ಯುಪಿಐ ಪಾವತಿಗೆ ವ್ಯಾಪಾರಿಗಳಿಂದ ಶುಲ್ಕ ತಗೊಳ್ಳುವಂತಿಲ್ಲ ಅಂತ ಸರ್ಕಾರ ಮಾಡಿತು. ಎರಡೂ ಜನರಿಗೆ ಒಳ್ಳೆಯದೇ. ಆದರೆ ಕಂಪನಿಗಳ ಒಳಗೆ ಒಂದು ಎಳೆದಾಟ ಶುರುವಾಯ್ತು. ಕಂಪನಿ ಹೆಸರು ಮಾಡಿದ ಕೆಲಸದಿಂದ ಕಾಸು ಹುಟ್ಟೋದಿಲ್ಲ. ಕಾಸು ಹುಟ್ಟೋದು ಸಾಲ, ಇನ್ಶೂರೆನ್ಸ್, ಜಾಹೀರಾತು, ಅಂಗಡಿಯಲ್ಲಿ ಮಾತಾಡುವ ಸೌಂಡ್‌ಬಾಕ್ಸಿನ ಬಾಡಿಗೆ ಇಂಥವುಗಳಿಂದ. ಹೊಸಬರೆಲ್ಲ ಹೊಸ ಫೀಚರಿನ ತಂಡ ಕೇಳ್ತಾರೆ. ರೆಕಾನ್ ತಂಡವನ್ನು ಕೇಳಿಕೊಂಡು ಹೋಗುವವರು ಕಡಿಮೆ.

ಆ ತಂಡಗಳ ಬೆಲೆ ಗೊತ್ತಾಗೋದು ಕೆಟ್ಟ ದಿನಗಳಲ್ಲಿ. 2020ರ ಮಾರ್ಚ್ 5, ಗುರುವಾರ ಸಂಜೆ ರಿಸರ್ವ್ ಬ್ಯಾಂಕ್ ಯೆಸ್ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿತು. ಖಾತೆದಾರರು 50,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ. ಫೋನ್‌ಪೇಯ ಯುಪಿಐ ನಿಂತಿದ್ದು ಅದೊಂದೇ ಬ್ಯಾಂಕಿನ ಮೇಲೆ. ಆ ರಾತ್ರಿ ಆ್ಯಪ್ ನಿಂತಿತು. ತಮ್ಮ ಕೋಡಿನಲ್ಲಿ ಒಂದು ಸಾಲೂ ಕೆಟ್ಟಿಲ್ಲ, ಆದರೂ ಕೋಟಿಗಟ್ಟಲೆ ಜನರ ಫೋನಿನಲ್ಲಿ ಪೇಮೆಂಟ್ ಹೋಗ್ತಿಲ್ಲ. ರಾತ್ರಿಯಿಡೀ ದುಡಿದು, ಸುಮಾರು ಒಂದು ದಿನದಲ್ಲಿ ಐಸಿಐಸಿಐ ಬ್ಯಾಂಕಿನ ಮೂಲಕ ಮತ್ತೆ ಶುರು ಮಾಡಿದರು. ಸಾಮಾನ್ಯ ದಿನಗಳಲ್ಲಿ ತಿಂಗಳುಗಟ್ಟಲೆ ಮೀಟಿಂಗು, ಪರೀಕ್ಷೆ, ಒಪ್ಪಿಗೆ ಬೇಡುವ ಕೆಲಸ ಅದು. ಇವತ್ತು ಫೋನ್‌ಪೇ ವಿಳಾಸದ ಕೊನೆಗೆ ವೈಬಿಎಲ್, ಐಬಿಎಲ್, ಎಎಕ್ಸ್‌ಎಲ್ ಅಂತ ಮೂರು ಬಾಲ ಕಾಣ್ತವಲ್ಲ, ಅವು ಯೆಸ್, ಐಸಿಐಸಿಐ ಮತ್ತು ಆಕ್ಸಿಸ್ ಬ್ಯಾಂಕುಗಳ ಗುರುತು. ಒಂದೇ ಕಂಬಕ್ಕೆ ಚಪ್ಪರ ಕಟ್ಟಬಾರದು ಅನ್ನೋ ಪಾಠ ಆ ಮೂರಕ್ಷರಗಳಲ್ಲಿದೆ.

ಇನ್ನೊಂದು ದಿನ, 2025ರ ಏಪ್ರಿಲ್ 12. ಯುಪಿಐ ಕೆಲವು ಗಂಟೆ ತತ್ತರಿಸಿತು. ಕಾರಣ ಹುಡುಕಿದಾಗ ಸಿಕ್ಕಿದ್ದು ವಿಚಿತ್ರ. ಕೆಲವು ಬ್ಯಾಂಕುಗಳ ಕಡೆಯಿಂದ ‘ಆ ವಹಿವಾಟು ಏನಾಯ್ತು?’ ಅಂತ ಕೇಳುವ ಸಂದೇಶಗಳೇ ಪ್ರವಾಹದಂತೆ ನುಗ್ಗಿದ್ದವು. ಮದುವೆಮನೆಯಲ್ಲಿ ನೂರು ಜನ ಅಡುಗೆಯವರ ಹತ್ರ ಹೋಗಿ ‘ಆಯ್ತಾ, ಆಯ್ತಾ’ ಅಂತ ಕೇಳಿದರೆ ಆಗೋ ಅಡುಗೆಯೂ ಆಗಲ್ಲ. ಹಾಗೇ ಆಯ್ತು. ಆಮೇಲೆ ಎಷ್ಟು ಹೊತ್ತು ಬಿಟ್ಟು, ಎಷ್ಟು ಸಲ ಕೇಳಬಹುದು ಅನ್ನೋದಕ್ಕೆ ಎನ್‌ಪಿಸಿಐ ಮಿತಿ ಹಾಕಿತು. ಒಂದು ಆ್ಯಪಿನಲ್ಲಿ ದಿನಕ್ಕೆ 50 ಸಲ ಮಾತ್ರ ಬ್ಯಾಲೆನ್ಸ್ ನೋಡಬಹುದು ಅನ್ನೋ ನಿಯಮವೂ ಅದೇ ವರ್ಷ ಬಂತು. ಕಾಯುವ ಅಭ್ಯಾಸ ಬಿಡಿಸಲು ಕಟ್ಟಿದ ವ್ಯವಸ್ಥೆ, ತನ್ನನ್ನು ಉಳಿಸಿಕೊಳ್ಳೋಕೆ ಎಲ್ಲರಿಗೂ ಸ್ವಲ್ಪ ಕಾಯೋದನ್ನ ಕಲಿಸಬೇಕಾಯ್ತು.

ನೂರು ವರ್ಷದಲ್ಲಿ ಆಗಿರೋದು ಇಷ್ಟು. ಕಾಯೋದು ಮಾಯವಾಗಿಲ್ಲ, ಒಬ್ಬರಿಂದ ಒಬ್ಬರಿಗೆ ದಾಟಿದೆ. ಮೊದಲು ಗಿರಾಕಿ ಮೂರು ದಿನ ಕಾಯ್ತಿದ್ದರು, ಗುಮಾಸ್ತರು ಸಂಜೆ ಕಾಯ್ತಿದ್ದರು. ಈಗ ಗಿರಾಕಿಗೆ ಮೂರು ಸೆಕೆಂಡು, ಎಂಜಿನಿಯರಿಗೆ ಇಡೀ ರಾತ್ರಿ. ಇದರಲ್ಲಿ ದೂರೋದಕ್ಕೇನೂ ಇಲ್ಲ, ಅದಕ್ಕೇ ಸಂಬಳ ಕೊಡ್ತಾರೆ. ನೆನಪಿಡಬೇಕಾದ್ದು ಬೇರೆ. ಪಿಗ್ಮಿ ಏಜೆಂಟಿಗೆ ಮರುದಿನ ಅದೇ ಬಾಗಿಲಿಗೆ ಬರದೆ ಗತಿಯಿರಲಿಲ್ಲ. ಎರಡಾಣೆ ಹೆಚ್ಚುಕಮ್ಮಿಯಾದರೆ ಆ ಮನೆಯವರ ಮುಖ ನೋಡಬೇಕಿತ್ತು. ನಮಗೆ ಆ ಬಲವಂತ ಇಲ್ಲ. ನಮ್ಮ ಪರದೆಯ ಮೇಲೆ ಪೆಂಡಿಂಗ್ ಅನ್ನೋದು ಒಂದು ಗ್ರಾಫಿನ ಗೆರೆ. ಆ ಗೆರೆಯಲ್ಲಿ ನಲವತ್ತು ರೂಪಾಯಿಯ ಕಾಫಿ-ತಿಂಡಿಯೂ ಇರುತ್ತೆ, ಆಸ್ಪತ್ರೆಯ ಕೌಂಟರಿನಲ್ಲಿ ಕಟ್ಟಿದ ಅಡ್ವಾನ್ಸೂ ಇರುತ್ತೆ. ಎರಡೂ ಒಂದೇ ಥರ ಕಾಣ್ತವೆ.

ಪೇಮೆಂಟ್ ಕಂಪನಿಗೆ ಸೇರಬೇಕು ಅಂತಿರೋ ಗೆಳೆಯರು ನನ್ನನ್ನ ಕೇಳೋದು ಸಂಬಳ, ಷೇರು, ಕೆಲಸದ ಹೊತ್ತು. ನಾನು ಒಂದು ಪ್ರಶ್ನೆ ಸೇರಿಸ್ತೀನಿ. ಸಂದರ್ಶನದ ಕೊನೆಗೆ ‘ನಿಮಗೇನಾದ್ರೂ ಕೇಳೋದಿದೆಯಾ?’ ಅಂತಾರಲ್ಲ, ಆಗ ಕೇಳಿ: ‘ನಿಮ್ಮಲ್ಲಿ ರೆಕಾನ್ ಯಾರು ನೋಡ್ಕೋತಾರೆ? ಎಷ್ಟು ಜನ ಇದ್ದಾರೆ?’ ಉತ್ತರ ಥಟ್ಟನೆ ಬಂದರೆ ಸೇರಿಕೊಳ್ಳಿ. ಎದುರು ಕೂತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ ಆ ಉತ್ತರ ಪೆಂಡಿಂಗ್ ಅಂತ ತಿಳ್ಕೊಳ್ಳಿ.