ಕೊಡಲಿಯೇ ಸಹಿಯಾದ ರೈತನ ವಂಶಾವಳಿ

ಜಕಾರಿ ಕ್ಲೂತಿಯೆ ಓದು ಬರಹ ಕಲಿತವನಲ್ಲ. ಕಸುಬಿನಲ್ಲಿ ಬಡಗಿ. ಪತ್ರಗಳಿಗೆ ರುಜು ಹಾಕುವ ಪ್ರಸಂಗ ಬಂದರೆ ಒಂದು ಕೊಡಲಿಯ ಚಿತ್ರ ಬರೆದು ಕೊಡುತ್ತಿದ್ದ. 1634ರಲ್ಲಿ ಫ್ರಾನ್ಸಿನ ಪೆರ್ಷ್ ಪ್ರಾಂತದಿಂದ ಹಡಗು ಹತ್ತಿ ಈಗಿನ ಕೆನಡಾದ ಕ್ವಿಬೆಕ್‌ಗೆ ಬಂದ ಈತ ಕಾಡು ಕಡಿದು ಬೇಸಾಯಕ್ಕೆ ಇಳಿದ. 1677ರಲ್ಲಿ ತೀರಿಕೊಂಡ. ಮದುವೆಯಾದ ಐವರು ಮಕ್ಕಳಿಂದ ಬೆಳೆದ ಸಂತತಿ 1800ರ ಹೊತ್ತಿಗೆ 10,850ಕ್ಕೆ ಮುಟ್ಟಿತ್ತೆಂದು ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಲೆಕ್ಕ ಹಾಕಿದ್ದಾರೆ.

ನಿರಕ್ಷರಿ ರೈತನೊಬ್ಬನ ಮೊಮ್ಮಕ್ಕಳು, ಮರಿಮಕ್ಕಳನ್ನು ಹೀಗೆ ಎಣಿಸುವುದು ಸಾಧ್ಯವಾದದ್ದು ಚರ್ಚಿನ ಪಾದ್ರಿಗಳಿಂದ. ದೀಕ್ಷಾಸ್ನಾನ, ಮದುವೆ, ಸಮಾಧಿ ಈ ಮೂರನ್ನೂ ಅವರು ತಪ್ಪದೆ ಬರೆದಿಟ್ಟರು. 1679ರಿಂದ ಇದರ ಎರಡು ಪ್ರತಿಗಳು: ಒಂದು ಚರ್ಚಿಗೆ, ಇನ್ನೊಂದು ನ್ಯಾಯಾಲಯಕ್ಕೆ. ಒಂದು ಸುಟ್ಟರೆ ಇನ್ನೊಂದು ಉಳಿಯಿತು. ಈ ಏರ್ಪಾಡಿಗೆ ಮೊದಲು ಅಂಥ ಅನುಕೂಲವಿರಲಿಲ್ಲ. 1640ರಲ್ಲಿ ಕ್ವಿಬೆಕ್ ನಗರದ ಚರ್ಚಿಗೆ ಬೆಂಕಿ ಬಿದ್ದಾಗ ಹಳೆಯ ಪುಸ್ತಕಗಳು ಬೂದಿಯಾದವು. ಜನರ ನೆನಪನ್ನೇ ಕೆದಕಿ ಅವನ್ನು ಮತ್ತೆ ಬರೆಯಬೇಕಾಯಿತು. ಮುಂದೆ ಬ್ರಿಟಿಷರು ನಾಡನ್ನು ಗೆದ್ದ ಮೇಲೂ ಪಾದ್ರಿಯ ಲೇಖನಿ ನಿಲ್ಲಲಿಲ್ಲ. 1994ರವರೆಗೆ ಕ್ವಿಬೆಕ್‌ನಲ್ಲಿ ಚರ್ಚಿನ ಈ ದಾಖಲೆಗೆ ಸರ್ಕಾರಿ ಮಾನ್ಯತೆಯೂ ಇತ್ತು.

ವಂಶ ಹುಡುಕುವವರು ಹಿಡಿಯುವ ದಾರಿ ಸರಳ. ಅಜ್ಜನ ಮದುವೆಯ ದಾಖಲೆಯಲ್ಲಿ ವಧೂವರರಿಬ್ಬರ ತಂದೆತಾಯಿಯರ ಹೆಸರೂ ಇರುತ್ತದೆ. ಅದನ್ನು ಹಿಡಿದು ಮುತ್ತಜ್ಜನ ಮದುವೆಗೆ ಹೋಗಬೇಕು, ಅಲ್ಲಿಂದ ಇನ್ನೂ ಹಿಂದಕ್ಕೆ. ಹೆಂಗಸರು ಅಲ್ಲಿನ ದಾಖಲೆಗಳಲ್ಲಿ ತವರಿನ ಹೆಸರಿನಲ್ಲೇ ಉಳಿಯುತ್ತಾರೆ. ಹಾಗಾಗಿ ತಾಯಿಯ ಕಡೆಯ ಕೊಂಡಿಯೂ ಕಳಚುವುದಿಲ್ಲ. 1663ರಿಂದ 1673ರವರೆಗೆ ರಾಜನ ಖರ್ಚಿನಲ್ಲಿ ಮದುವೆಗೆಂದು ಹಡಗಿನಲ್ಲಿ ಬಂದ ಸುಮಾರು 770 ಹೆಣ್ಣುಮಕ್ಕಳು ಇಂದಿಗೂ ಹೆಸರು ಸಹಿತ ಸಿಗುವುದು ಇದರಿಂದಲೇ.

ಆದರೆ ಅಡ್ಡಹೆಸರುಗಳ ತೊಡಕು ದೊಡ್ಡದು. 1665ರಲ್ಲಿ ಬಂದ ಕರಿನ್ಯಾನ್ ಪಡೆಯ ಸುಮಾರು 400 ಸಿಪಾಯಿಗಳು ಅಲ್ಲಿಯೇ ನೆಲಸಿ ರೈತರಾದರು. ಸೈನ್ಯದಲ್ಲಿ ಅಂಟಿದ್ದ ‘ಲಾಫ್ಲರ್’ (ಹೂವು), ‘ಸಾಂಸೂಸಿ’ (ಚಿಂತೆಯಿಲ್ಲದವ) ಮೊದಲಾದ ಹೆಸರುಗಳೂ ಜೊತೆಗೆ ಉಳಿದವು. ಒಂದೇ ಮನೆಯಲ್ಲಿ ಅಣ್ಣನಿಗೆ ಮೂಲ ಹೆಸರು, ತಮ್ಮನಿಗೆ ಅಡ್ಡಹೆಸರು! ಮುಂದೆ ಅಮೆರಿಕದ ಬಟ್ಟೆ ಗಿರಣಿಗಳಿಗೆ ಕೂಲಿಗೆ ಹೋದವರಲ್ಲಿ ‘ಬ್ವಾವೆರ್’ ಎಂಬುವರು ಗ್ರೀನ್‌ವುಡ್ ಆದದ್ದುಂಟು, ‘ರ್‍ವಾ’ ಎಂಬುವರು ಕಿಂಗ್ ಆದದ್ದುಂಟು. ಇನ್ನು ತಂದೆತಾಯಿ ಯಾರೆಂದು ತಿಳಿಯದ ಅನಾಥ ಶಿಶುವಿನ ದಾಖಲೆ ಎದುರಾದರೆ ಹುಡುಕಾಟ ಅಲ್ಲಿಗೇ ಮುಗಿಯಿತು.

ಚರ್ಚಿನ ಕಡತ ಕೊಡುವುದು ಬರೀ ಹೆಸರು ಮತ್ತು ತಾರೀಕು. ಮನೆಯೊಳಗಿನ ಬದುಕು ಕಾಣಬೇಕಾದರೆ ನೋಟರಿಗಳ ಪತ್ರಗಳನ್ನು ತೆರೆಯಬೇಕು. ಕ್ಲೂತಿಯೆಯ ಮಗಳು ಆನ್‌ಳ 1636ರ ವಿವಾಹ ಒಪ್ಪಂದವು ಕೆನಡಾದಲ್ಲಿ ಉಳಿದಿರುವ ಅತ್ಯಂತ ಹಳೆಯದೆನ್ನಲಾಗಿದೆ. ಆಗಿನ್ನೂ ಆಕೆ ಹತ್ತರ ಆಸುಪಾಸಿನ ಹುಡುಗಿ. ನಂತರದ ಕಾಲದ ಭೂದಾನ ಪತ್ರಗಳಂತೂ ಮನ ಕಲಕುತ್ತವೆ. ವಯಸ್ಸಾದ ರೈತ ದಂಪತಿ ಹೊಲವನ್ನು ಒಬ್ಬ ಮಗನಿಗೆ ಬರೆದುಕೊಡುತ್ತಾರೆ. ಪ್ರತಿಯಾಗಿ ವರ್ಷಕ್ಕೆ ಇಷ್ಟು ಗೋಧಿ, ಇಷ್ಟು ಹಂದಿಮಾಂಸ, ಇಷ್ಟು ಸೌದೆ ಮಗ ಕೊಡಬೇಕೆಂದು ಒಂದೊಂದಾಗಿ ಬರೆಸುತ್ತಾರೆ. ಹೆತ್ತ ಮಗನ ಮೇಲೂ ಬರೀ ಬಾಯಿಮಾತಿನ ನಂಬಿಕೆ ಸಾಲದೆಂದು ಆ ಮುದುಕರು ಬಲ್ಲವರಾಗಿದ್ದರು.

ಈ ಹುಡುಕಾಟ ಈಗ ಬರೀ ಕುತೂಹಲದ ವಿಷಯವಲ್ಲ. ಫ್ರೆಂಚರ ಆಳ್ವಿಕೆಯಲ್ಲಿ ಬಂದು ಅಲ್ಲಿಯೇ ಬೇರೂರಿದವರು ಹತ್ತು ಸಾವಿರದ ಆಜುಬಾಜಿನವರು. ಅವರಲ್ಲಿ ಕೆಲವರು ತಮಗರಿವಿಲ್ಲದೆ ಹೊತ್ತುತಂದ ರೋಗದ ಅಂಶ ಸಾಗ್ನೆ ಸೀಮೆಯಂಥ ಒಳನಾಡಿನಲ್ಲಿ ಮಡುಗಟ್ಟಿತು. ಯಕೃತ್ತನ್ನು ಹಾಳುಮಾಡುವ ಟೈರೋಸಿನೀಮಿಯ ಎಂಬ ಕಾಯಿಲೆ ಬೇರೆಡೆ ಲಕ್ಷಕ್ಕೊಂದು ಮಗುವಿಗೆ ಬಂದರೆ, ಅಲ್ಲಿ ಸುಮಾರು 1,850 ಶಿಶುಗಳಲ್ಲಿ ಒಂದಕ್ಕೆ. ಪಾದ್ರಿಗಳ ಆ ಹಳೆಯ ಪುಸ್ತಕಗಳಿಂದಲೇ ರೋಗದ ಜಾಡನ್ನು ಹಿಂದಿನ ತಲೆಮಾರುಗಳವರೆಗೆ ಹುಡುಕಲಾಗಿದೆ. 1970ರಿಂದ ಕ್ವಿಬೆಕ್‌ನಲ್ಲಿ ನವಜಾತ ಶಿಶುಗಳ ರಕ್ತ ಪರೀಕ್ಷೆ ನಡೆಯುತ್ತಿದೆ. 1994ರಿಂದ ನಿಟಿಸಿನೋನ್ ಎಂಬ ಔಷಧವನ್ನೂ ಕೊಡುತ್ತಾರೆ. ಮೊದಲು ಎಳವೆಯಲ್ಲೇ ಸಮಾಧಿಯ ಪುಸ್ತಕ ಸೇರುತ್ತಿದ್ದ ಈ ಮಕ್ಕಳು ಈಗ ಬೆಳೆದು ದೊಡ್ಡವರಾಗುತ್ತಿದ್ದಾರೆ.