‘ಪರ್ಪಸ್’ ಎಂಬ ಪದ: ಕನ್ನಡದಲ್ಲಿ ಅದರ ಅರ್ಥಗಳೂ ಬಳಕೆಯೂ

‘ಪರ್ಪಸ್’ ಎಂಬ ಅಂಕಣವಿಲ್ಲದ ಸಾಲದ ಅರ್ಜಿಯನ್ನು ನಾವು ನಮ್ಮ ಬ್ಯಾಂಕ್ ಸೇವೆಯಲ್ಲಿ ಕಂಡದ್ದಿಲ್ಲ. ವಿದೇಶದಲ್ಲಿ ಓದುತ್ತಿರುವ ಮಕ್ಕಳಿಗೆ ಹಣ ಕಳುಹಿಸುವವರೂ ‘ಪರ್ಪಸ್ ಕೋಡ್’ ನಮೂದಿಸಲೇಬೇಕು. ಈ ಪದಕ್ಕೆ ಕನ್ನಡವೇನೆಂದು ಕೇಳಿದರೆ ಎಲ್ಲರೂ ತಡವರಿಸದೆ ‘ಉದ್ದೇಶ’ ಎನ್ನುತ್ತಾರೆ. ಉತ್ತರ ಸರಿಯೇ. ಆದರೆ ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಿಗೆ ಅದರಲ್ಲೊಂದು ತೊಡಕಿದೆ.

ಇಂಗ್ಲಿಷಿನ ‘ಪರ್ಪಸ್’ ಹಳೆಯ ಫ್ರೆಂಚಿನಿಂದ ಬಂದುದು. ‘ಮುಂದೆ ಇಟ್ಟದ್ದು’ ಎಂಬುದು ಅದರ ಮೂಲಾರ್ಥ. ‘ಪ್ರಪೋಸ್’ ಎಂಬುದು ಅದರ ಒಡಹುಟ್ಟು. ನಮ್ಮ ‘ಉದ್ದೇಶ’ವು ‘ದಿಶ್’ ಎಂಬ ಸಂಸ್ಕೃತ ಧಾತುವಿನಿಂದ ಬಂದಿದೆ. ಆ ಧಾತುವಿಗೆ ಬೆರಳಿಟ್ಟು ತೋರಿಸುವುದೆಂದು ಅರ್ಥ. ‘ದಿಶೆ’, ‘ದೇಶ’, ‘ಆದೇಶ’, ‘ಉಪದೇಶ’ಗಳೆಲ್ಲ ಅದೇ ಬಳಗದವು.

ತಮಿಳಿನಲ್ಲಿ ಇದೇ ಪದ ‘ಉತ್ತೇಸಂ’ ಎಂಬ ರೂಪದಲ್ಲಿದೆ. ಅಲ್ಲಿ ಅದಕ್ಕೆ ಇಂಗಿತವೆಂಬ ಅರ್ಥವಿದ್ದರೂ ದಿನಬಳಕೆಯಲ್ಲಿ ‘ಉತ್ತೇಸಮಾಗ’ ಎಂದರೆ ‘ಸುಮಾರಾಗಿ, ಅಂದಾಜಿನಲ್ಲಿ’ ಎಂದೇ. ಇಲ್ಲಿಯೇ ಹುಟ್ಟಿ ಬೆಳೆದ ಮಕ್ಕಳ ಕಿವಿಗೆ ಮೊದಲು ಬೀಳುವುದು ಈ ಅರ್ಥ. ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ಹಿರಿಯರು ತೀರಿಕೊಂಡ ಮೇಲೆ ಅವರ ಲೆಕ್ಕದ ಪುಸ್ತಕದಲ್ಲಿ ‘ಮೊಮ್ಮಗಳ ಓದಿಗೆ ಉದ್ದೇಶಿತ ಮೂರು ಲಕ್ಷ’ ಎಂದು ಬರೆದದ್ದು ಕಂಡಿತು. ಕನ್ನಡ ಓದಬಲ್ಲ ಮೊಮ್ಮಗ ‘ಖರ್ಚು ಅಂದಾಜು ಮೂರು ಲಕ್ಷವಾದೀತು’ ಎಂದು ಅದನ್ನು ವಿವರಿಸಿದ. ತಾತ ಹೇಳಿದ್ದು ಮೂರು ಲಕ್ಷ ಅವಳಿಗೇ ಮೀಸಲು ಎಂದು. ಮೈಸೂರಿನಿಂದ ಬಂದ ಅತ್ತೆ ಸಾಲನ್ನು ಓದಿ ತಿಳಿಸಿದ ಬಳಿಕವೇ ಠೇವಣಿ ಯಾರದೆಂಬುದು ಇತ್ಯರ್ಥವಾಯಿತು. ಉಯಿಲು, ದಾನಪತ್ರ ಮುಂತಾದವನ್ನು ಇಲ್ಲಿ ಕನ್ನಡದಲ್ಲಿ ಬರೆಯುವವರು ‘ಮೀಸಲಾಗಿ’ ಎಂದು ಸ್ಪಷ್ಟವಾಗಿ ಬರೆಯುವುದು ಲೇಸು.

ತಮಿಳರು ‘ಪರ್ಪಸ್’ಗೆ ‘ನೋಕ್ಕಂ’ ಎನ್ನುತ್ತಾರೆ; ಅದು ನೋಟಕ್ಕೆ ಸಂಬಂಧಿಸಿದ ಪದ. ಅವರ ‘ಕುರಿ’ಯೇ ನಮ್ಮ ‘ಗುರಿ’. ಹಳಗನ್ನಡದಲ್ಲಿ ಇದನ್ನು ಶಕಟರೇಫದಿಂದ ‘ಗುಱಿ’ ಎಂದು ಬರೆಯುತ್ತಿದ್ದರು. ‘ಗುರುತು’ ಕೂಡ ಇದರ ನಂಟೇ. ಗುರಿಯನ್ನೂ ಉದ್ದೇಶವನ್ನೂ ಒಂದೆಂದು ಬಗೆಯುವುದು ನಮಗೆ ಒಪ್ಪಿಗೆಯಿಲ್ಲ. ಮುಟ್ಟಬೇಕಾದ ಬಿಂದು ಗುರಿ, ಏತಕ್ಕಾಗಿ ಮುಟ್ಟಬೇಕೆಂಬುದು ಉದ್ದೇಶ. ಮಾರ್ಚ್ ತಿಂಗಳಲ್ಲಿ ಬ್ಯಾಂಕಿನವರನ್ನು ಕಾಡುವುದು ಗುರಿ ಮಾತ್ರ! ‘ಧ್ಯೇಯ’ವೆಂದರೆ ಧ್ಯಾನಿಸತಕ್ಕದ್ದು, ಸಂಘದ ನಿಬಂಧನೆಗಳಿಗೆ ಅದು ಒಪ್ಪುತ್ತದೆ, ಸಾಲದ ಅರ್ಜಿಗಲ್ಲ. ನ್ಯಾಯಾಲಯದ ಕನ್ನಡದ ‘ಇರಾದೆ’ ಅರಬ್ಬಿ ಮೂಲದ್ದು.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ‘ಅರ್ಥ’. ಹಣ, ತಾತ್ಪರ್ಯ, ಪ್ರಯೋಜನ ಮೂರನ್ನೂ ಅದೊಂದೇ ಹೇಳುತ್ತದೆ. ‘ಸಹಾಯಾರ್ಥ ನಾಟಕ’, ‘ಸ್ಮರಣಾರ್ಥ ಉಪನ್ಯಾಸ’ ಎಂದು ಸಂಘದ ಆಹ್ವಾನಪತ್ರಿಕೆಗಳಲ್ಲಿ ಅಚ್ಚಾಗುವಾಗ ಅಲ್ಲಿರುವುದು ಉದ್ದೇಶವೆಂಬ ಅರ್ಥವೇ. ‘ಪುರುಷಾರ್ಥ’ದಲ್ಲಿಯೂ ಹಾಗೆಯೇ, ‘ವ್ಯರ್ಥ’ವೆಂದರೆ ಅದಿಲ್ಲದ್ದು.

ಇನ್ನು ಇಂಗ್ಲಿಷಿನ ನುಡಿಗಟ್ಟುಗಳು. ‘ಆನ್ ಪರ್ಪಸ್’ ಎಂಬುದಕ್ಕೆ ‘ಉದ್ದೇಶಪೂರ್ವಕ’ವೆಂಬ ಭಾರದ ಪದ ಎಲ್ಲೆಡೆಯೂ ಬೇಕಿಲ್ಲ, ‘ಬೇಕೆಂದೇ’ ಎಂದರೆ ಸಾಕು. ತಮಿಳಿನ ‘ವೇಂಡುಮೆಂಡ್ರೇ’ ಇದೇ ಅಚ್ಚಿನಲ್ಲಿ ಎರಕ ಹೊಯ್ದದ್ದು. ‘ಮಲ್ಟಿಪರ್ಪಸ್’ಗೆ ‘ವಿವಿಧೋದ್ದೇಶ’ ನೆಲೆನಿಂತಿದೆ. ಬಳ್ಳಾರಿ ಜಿಲ್ಲೆ 1953ರಲ್ಲಿ ಮೈಸೂರಿಗೆ ಸೇರುವ ಮೊದಲು ಮದರಾಸು ಹಾಗೂ ಹೈದರಾಬಾದ್ ಸರ್ಕಾರಗಳು ಹೊಸಪೇಟೆಯ ಬಳಿ ಆರಂಭಿಸಿದ ತುಂಗಭದ್ರಾ ಯೋಜನೆ ನೀರಾವರಿ, ವಿದ್ಯುತ್ತು ಎರಡಕ್ಕೂ ಒದಗಿದ ಅಂಥದೊಂದು ಯೋಜನೆ. ‘ಪಬ್ಲಿಕ್ ಪರ್ಪಸ್’ ಎಂಬುದು ‘ಸಾರ್ವಜನಿಕ ಉದ್ದೇಶ’. 1894ರ ಭೂಸ್ವಾಧೀನ ಕಾಯಿದೆಯೂ ಅದರ ಸ್ಥಾನಕ್ಕೆ ಬಂದ 2013ರ ಕಾಯಿದೆಯೂ ಈ ಎರಡು ಪದಗಳನ್ನೇ ಆಧರಿಸಿವೆ. ಎಷ್ಟೋ ಮಂದಿಯ ಹೊಲಮನೆಗಳ ಹಣೆಬರಹ ಅವುಗಳ ವ್ಯಾಖ್ಯಾನದಲ್ಲಿದೆ.

‘ಸಭೆ ನಡೆಸುವ ಉದ್ದೇಶಕ್ಕೋಸ್ಕರವಾಗಿ’ ಎಂದು ಬರೆಯುವುದು ಇಂಗ್ಲಿಷಿನ ನೆರಳು. ‘ಸಭೆ ನಡೆಸಲು’ ಎಂಬಲ್ಲಿ ಉದ್ದೇಶವು ಪ್ರತ್ಯಯದೊಳಗೇ ಅಡಗಿದೆ. ‘ಉದ್ದೇಶ್ಯ’ವೆಂಬ ರೂಪ ಹಿಂದಿಯಲ್ಲಿ ‘ಪರ್ಪಸ್’ ಆಗಿರಬಹುದು. ಕನ್ನಡದಲ್ಲಿ ಅದನ್ನು ‘ವಿಧೇಯ’ದ ಜೋಡಿಯಾಗಿ ವ್ಯಾಕರಣಕ್ಕೆ ಬಿಡುವುದು ವಾಸಿ.

ಪದಗಳ ನಂಟನ್ನು ಹುಡುಕುವವರಿಗೆ ನಮ್ಮ ಊರೇ ಅನುಕೂಲ ಮಾಡಿಕೊಟ್ಟಿದೆ. ವಿಲಿಯಂ ರೀವ್ ಅವರ ಕನ್ನಡ ನಿಘಂಟುಗಳು 1824 ಮತ್ತು 1832ರಲ್ಲಿ ಅಚ್ಚಾದದ್ದು ಮದರಾಸಿನಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಕಿಟೆಲರ ನಿಘಂಟನ್ನು ಎಂ. ಮರಿಯಪ್ಪ ಭಟ್ಟರು ಪರಿಷ್ಕರಿಸಿದರು. ಮದರಾಸು ವಿಶ್ವವಿದ್ಯಾನಿಲಯವು ಅದನ್ನು 1968–71ರಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದಿತು. ಅಚ್ಚಗನ್ನಡ ಪದಗಳ ಪಕ್ಕದಲ್ಲಿ ತಮಿಳು, ಮಲಯಾಳಂ, ತೆಲುಗು, ತುಳು ರೂಪಗಳನ್ನೂ ಕಿಟೆಲರು ಕೊಟ್ಟಿರುವುದರಿಂದ ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳು ‘ಗುರಿ’ಯಿಂದಲೇ ತೊಡಗಬಹುದು.